ತೀರ್ಪುಗಾರರು ಬರೆಯದೆ ಬಿಟ್ಟ ವಾಕ್ಯ: 1949ರ ಬೊಲಿಂಗೆನ್ ಪ್ರಶಸ್ತಿ, ಒಂದು ಪ್ರಕರಣ ಅಧ್ಯಯನ

1949ರ ಫೆಬ್ರವರಿ 20ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಸಾಹಿತ್ಯ ಸುದ್ದಿಯನ್ನು ಅಪರಾಧ ಸುದ್ದಿಯ ಧಾಟಿಯಲ್ಲಿ ಪ್ರಕಟಿಸಿತು. ದೇಶದ್ರೋಹದ ಸೆರೆಯಲ್ಲಿದ್ದು ಬರೆದ ಕವಿತೆಗಾಗಿ, ಈಗ ಮಾನಸಿಕ ಚಿಕಿತ್ಸಾಲಯದಲ್ಲಿರುವ ಪೌಂಡ್‌ಗೆ ಬಹುಮಾನ ಬಂದಿದೆ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಬಹುಮಾನದ ಮೊತ್ತ 1,000 ಡಾಲರ್. ಕೊಟ್ಟದ್ದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್, ಅಂದರೆ ಅಮೆರಿಕದ ಶಾಸಕಾಂಗದ ಅಧೀನದಲ್ಲಿರುವ, ರಾಷ್ಟ್ರೀಯ ಗ್ರಂಥಾಲಯದ ಸ್ಥಾನದಲ್ಲಿರುವ ಸಂಸ್ಥೆ. ಪಡೆದವರು ಅಮೆರಿಕದ ಕವಿ ಎಜ್ರಾ ಪೌಂಡ್. ಯುದ್ಧಕಾಲದಲ್ಲಿ ಶತ್ರುದೇಶದ ರೇಡಿಯೋದಲ್ಲಿ ತನ್ನ ದೇಶದ ವಿರುದ್ಧ ಮಾತನಾಡಿದ ಆರೋಪ ಅವರ ಮೇಲಿತ್ತು. ಆ ಆರೋಪದ ವಿಚಾರಣೆ ನಡೆದಿರಲಿಲ್ಲ, ಆರೋಪ ರದ್ದಾಗಿಯೂ ಇರಲಿಲ್ಲ. ಒಂದೇ ಸರ್ಕಾರದ ಒಂದು ಕೈ ಅವರನ್ನು ಬೀಗ ಹಾಕಿ ಇರಿಸಿಕೊಂಡಿದ್ದಾಗ ಇನ್ನೊಂದು ಕೈ ಸನ್ಮಾನಿಸಿತು.

ಕವಿಯ ಬದುಕನ್ನೂ ಕಾವ್ಯವನ್ನೂ ಬೇರೆ ಮಾಡಿ ನೋಡಬೇಕೇ ಎಂಬ ಹಳೆಯ ಪ್ರಶ್ನೆಗೆ ಉದಾಹರಣೆಯಾಗಿ ಈ ಪ್ರಸಂಗವನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಪ್ರಶ್ನೆ ಇಲ್ಲಿ ಇದ್ದೇ ಇದೆ. ಆದರೆ ದಾಖಲೆಗಳನ್ನು ಹತ್ತಿರದಿಂದ ನೋಡಿದರೆ ವಿವಾದದ ಮರ್ಮ ಬೇರೊಂದು ಕಡೆ ಇದೆ ಎಂದು ನನಗೆ ತೋರುತ್ತದೆ. ಆ ಕಾಲದ ಅಮೆರಿಕದ ಅತ್ಯುತ್ತಮ ಸಾಹಿತ್ಯಬುದ್ಧಿಗಳು ಒಟ್ಟಾಗಿ ಕುಳಿತು ಒಂದು ನಿರ್ಧಾರ ಕೈಗೊಂಡರು. ಅದನ್ನು ವಿವರಿಸಬೇಕಾದ ಗಳಿಗೆ ಬಂದಾಗ, ಹೇಳಲೇಬೇಕಾಗಿದ್ದ ಒಂದು ವಾಕ್ಯವನ್ನು ಹೇಳದೆ ಬಿಟ್ಟರು. ಆ ಮೌನದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ.

ರೋಮ್, ಪಿಸಾ, ವಾಷಿಂಗ್ಟನ್

1885ರಲ್ಲಿ ಐಡಹೋ ಪ್ರಾಂತದ ಹೇಲಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಪೌಂಡ್, ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯದ ನಡೆಯನ್ನೇ ಬದಲಿಸಿದವರಲ್ಲಿ ಒಬ್ಬರು. ಟಿ. ಎಸ್. ಎಲಿಯಟ್ ಅವರ 1922ರ 'ದ ವೇಸ್ಟ್ ಲ್ಯಾಂಡ್' ಈಗಿನ ರೂಪಕ್ಕೆ ಬರಲು ಪೌಂಡ್ ಹಸ್ತಪ್ರತಿಯ ಮೇಲೆ ಹಾಕಿದ ಕತ್ತರಿಯೂ ಕಾರಣ. ಎಲಿಯಟ್ ಆ ಋಣವನ್ನು ಅರ್ಪಣೆಯಲ್ಲೇ ಒಪ್ಪಿಕೊಂಡಿದ್ದಾರೆ. ಇಟಲಿಯಲ್ಲಿ ನೆಲೆಸಿದ ಮೇಲೆ ಪೌಂಡ್‌ಗೆ ಹಣಕಾಸು ವ್ಯವಸ್ಥೆಯ ಬಗ್ಗೆ ಒಂದು ಗೀಳು ಹಿಡಿಯಿತು. ಲೋಕದ ಕೇಡಿಗೆಲ್ಲ ಬಡ್ಡಿಯೇ ಮೂಲವೆಂದು ಆರಂಭವಾದ ಆ ವಿಚಾರ, ಬಡ್ಡಿಯ ಹಿಂದೆ ಇರುವವರು ಯಹೂದಿಗಳೆಂಬ ನಂಜಿನಲ್ಲಿ ಹೋಗಿ ನಿಂತಿತು. ಮುಸೊಲಿನಿಯಲ್ಲಿ ಅವರು ಉದ್ಧಾರಕನನ್ನು ಕಂಡರು. 1941ರಿಂದ 1943ರವರೆಗೆ ರೋಮ್ ರೇಡಿಯೋದಲ್ಲಿ ನೂರಕ್ಕೂ ಹೆಚ್ಚು ಭಾಷಣಗಳನ್ನು ಮಾಡಿದರು, ಅದಕ್ಕೆ ಸಂಭಾವನೆಯನ್ನೂ ಪಡೆದರು. ಆ ಭಾಷಣಗಳ ಸ್ಥಾಯಿ ಯಹೂದಿ ದ್ವೇಷವೇ. 1943ರ ಜುಲೈಯಲ್ಲಿ ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡಲ್ ಅವರ ಇಲಾಖೆ ಪೌಂಡ್ ಮೇಲೆ ದೇಶದ್ರೋಹದ ಆರೋಪ ಹೊರಿಸಿತು.

1945ರ ಮೇ ತಿಂಗಳಲ್ಲಿ ಅವರು ಬಂಧನಕ್ಕೊಳಗಾಗಿ ಪಿಸಾ ಬಳಿಯ ಅಮೆರಿಕನ್ ಸೇನೆಯ ಶಿಸ್ತುಶಿಬಿರವನ್ನು ಸೇರಿದರು. ಅಲ್ಲಿ ಸುಮಾರು ಮೂರು ವಾರ ಅವರನ್ನು ಬಯಲಿನ ಕಬ್ಬಿಣದ ಪಂಜರದಲ್ಲಿ ಇಡಲಾಯಿತು. ಹಗಲು ಬಿಸಿಲು, ರಾತ್ರಿ ಕಣ್ಣು ಮುಚ್ಚಗೊಡದ ದೀಪದ ಬೆಳಕು. ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಕುಸಿದುಬಿದ್ದರು. ಆಮೇಲೆ ಡೇರೆಯೊಂದಕ್ಕೆ ಸ್ಥಳಾಂತರಿಸಿ, ಸಂಜೆಯ ಹೊತ್ತು ಶಿಬಿರದ ಔಷಧಾಲಯದ ಬೆರಳಚ್ಚು ಯಂತ್ರವನ್ನು ಬಳಸಲು ಬಿಟ್ಟರು. ಜೊತೆಯಲ್ಲಿದ್ದದ್ದು ಕನ್ಫ್ಯೂಷಿಯಸ್‌ನ ಗ್ರಂಥ ಮತ್ತು ಒಂದು ಚೀನೀ ನಿಘಂಟು. ಶಿಬಿರದ ಶೌಚಾಲಯದಲ್ಲಿ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಕವಿತೆಗಳ ಸಂಕಲನವೂ ಅಲ್ಲೇ ಸಿಕ್ಕಿತು. ಅಲ್ಲಿ ಬರೆದ ಹನ್ನೊಂದು ಭಾಗಗಳೇ 1948ರಲ್ಲಿ ನ್ಯೂ ಡೈರೆಕ್ಷನ್ಸ್ ಪ್ರಕಾಶನದಿಂದ ಬಂದ, ಮುಂದೆ ಬಹುಮಾನ ಪಡೆದ 'ಪೀಸನ್ ಕ್ಯಾಂಟೋಸ್' (ಪಿಸಾದ ಕ್ಯಾಂಟೋಗಳು; ಕ್ಯಾಂಟೋ ಎಂದರೆ ದೀರ್ಘಕಾವ್ಯದ ಒಂದು ಭಾಗ).

1945ರ ನವೆಂಬರಿನಲ್ಲಿ ಅವರನ್ನು ವಿಮಾನದಲ್ಲಿ ವಾಷಿಂಗ್ಟನ್ನಿಗೆ ಕರೆತಂದರು. ವಿಚಾರಣೆಯನ್ನು ಎದುರಿಸುವ ಮಾನಸಿಕ ಸ್ಥಿತಿ ಅವರಿಗಿಲ್ಲ ಎಂದು ನಾಲ್ವರು ಮನೋವೈದ್ಯರು ಹೇಳಿದರು. 1946ರ ಫೆಬ್ರವರಿಯಲ್ಲಿ ಜ್ಯೂರಿ ಕೆಲವೇ ನಿಮಿಷಗಳಲ್ಲಿ ಅದನ್ನು ಒಪ್ಪಿತು. ಸೇಂಟ್ ಎಲಿಜಬೆತ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಅವರನ್ನು ಸೇರಿಸಲಾಯಿತು. ಹೀಗಾಗಿ ಅಪರಾಧಿಯೆಂದಾಗಲಿ ನಿರಪರಾಧಿಯೆಂದಾಗಲಿ ಯಾವ ನ್ಯಾಯಾಲಯವೂ ಹೇಳಲಿಲ್ಲ. ಮುಂದಿನ ಗೊಂದಲದ ಅರ್ಧಭಾಗ ಈ ಅನಿಶ್ಚಿತತೆಯಿಂದಲೇ ಹುಟ್ಟಿತು. ನ್ಯಾಯಾಲಯದಲ್ಲಿ ನಡೆಯದೆ ಹೋದ ವಿಚಾರಣೆ ಸಾಹಿತ್ಯಪತ್ರಿಕೆಗಳಲ್ಲಿ ನಡೆಯಿತು.

ಮುನ್ಸೂಚನೆ ಇರಲಿಲ್ಲವೆಂದಲ್ಲ. 1946ರಲ್ಲಿ ರ‍್ಯಾಂಡಮ್ ಹೌಸ್‌ನ ಬೆನೆಟ್ ಸರ್ಫ್ ಒಂದು ಕವನಸಂಕಲನದಿಂದ ಪೌಂಡ್ ಪದ್ಯಗಳನ್ನು ತೆಗೆದುಹಾಕಿಸಿದಾಗ, ಡಬ್ಲ್ಯು. ಎಚ್. ಆಡನ್ ಆ ಪ್ರಕಾಶನವನ್ನೇ ತೊರೆಯುವುದಾಗಿ ಎಚ್ಚರಿಸಿದ್ದರು, ಪದ್ಯಗಳು ಮರಳಿ ಸೇರಿದ್ದವು. ಆ ಸಂಕಲನದ ಸಂಪಾದಕರಲ್ಲೊಬ್ಬರಾದ ಕಾನ್ರಾಡ್ ಐಕೆನ್ ಮತ್ತು ಆಡನ್, ಇಬ್ಬರೂ ಮೂರು ವರ್ಷದ ಬಳಿಕ ಬಹುಮಾನದ ತೀರ್ಪುಗಾರರಾಗಿದ್ದರು. ಅವರ ಮಟ್ಟಿಗೆ ಇದು ಹೊಸ ಜಗಳವಾಗಿರಲಿಲ್ಲ. ಒಮ್ಮೆ ಗೆದ್ದ ಜಗಳವಾಗಿತ್ತು. ಆದರೆ ಕವಿತೆಯನ್ನು ಅಚ್ಚಿನಿಂದ ಹೊರಗಿಡಬಾರದು ಎಂಬ ವಾದವೇ ಬೇರೆ, ಅದಕ್ಕೆ ರಾಷ್ಟ್ರದ ಗ್ರಂಥಾಲಯದ ಹೆಸರಿನಲ್ಲಿ ಹಾರ ಹಾಕಬೇಕು ಎಂಬ ವಾದವೇ ಬೇರೆ. ಮೊದಲನೆಯದರಲ್ಲಿ ದೊರೆತ ಗೆಲುವು ಎರಡನೆಯದಕ್ಕೂ ಸಲ್ಲುತ್ತದೆಂದು ಅವರು ಎಣಿಸಿದಂತೆ ಕಾಣುತ್ತದೆ.

ತೀರ್ಪುಗಾರರ ಮಂಡಳಿ

ಬಹುಮಾನದ ಹಣ ಸರ್ಕಾರದ್ದಲ್ಲ. ಸಿರಿವಂತ ಕಲಾಪೋಷಕ ಪಾಲ್ ಮೆಲನ್ ಅವರ ಬೊಲಿಂಗೆನ್ ಪ್ರತಿಷ್ಠಾನ ಅದನ್ನು ಕೊಟ್ಟಿತ್ತು. ಹಿಂದಿನ ವರ್ಷ ಪ್ರಕಟವಾದ, ಅಮೆರಿಕದ ಪ್ರಜೆಯೊಬ್ಬರ ಅತ್ಯುತ್ತಮ ಕವನಸಂಗ್ರಹವನ್ನು ಆರಿಸುವ ಹೊಣೆ ಗ್ರಂಥಾಲಯದ 'ಫೆಲೋಸ್ ಇನ್ ಅಮೆರಿಕನ್ ಲೆಟರ್ಸ್' ಎಂಬ ಸಲಹಾ ಮಂಡಳಿಯದು. ಎಲಿಯಟ್, ಆಡನ್, ಐಕೆನ್, ಅಲೆನ್ ಟೇಟ್, ರಾಬರ್ಟ್ ಪೆನ್ ವಾರನ್, ರಾಬರ್ಟ್ ಲೊವೆಲ್, ಲೂಯಿಸ್ ಬೋಗನ್, ಲಿಯೋನಿ ಆಡಮ್ಸ್, ಕ್ಯಾಥರೀನ್ ಆನ್ ಪೋರ್ಟರ್, ಕಾರ್ಲ್ ಶಪಿರೊ, ಕ್ಯಾಥರೀನ್ ಗ್ಯಾರಿಸನ್ ಚೇಪಿನ್ ಮೊದಲಾದವರು ಅದರಲ್ಲಿದ್ದರು. ಇಂಥ ಮಂಡಳಿಯನ್ನು ಇನ್ನೊಂದು ಕಡೆ ಕಲ್ಪಿಸಿಕೊಳ್ಳುವುದು ಕಷ್ಟ. ಎಲಿಯಟ್‌ಗೆ 1948ರಲ್ಲಷ್ಟೇ ನೊಬೆಲ್ ಬಂದಿತ್ತು. ಆದರೆ ಇದು ಪರಸ್ಪರ ಬಹಳ ಹತ್ತಿರದ ಜನರ ಮಂಡಳಿಯೂ ಆಗಿತ್ತು. ಪೌಂಡ್‌ಗೆ ಎಲಿಯಟ್ ಋಣಿ, ಎಲಿಯಟ್‌ಗೆ ಉಳಿದ ಹಲವರು ಋಣಿ. ಆಸ್ಪತ್ರೆಯಲ್ಲಿ ಪೌಂಡ್‌ರನ್ನು ಕಂಡುಬಂದವರೂ ಅವರಲ್ಲಿದ್ದರು.

ವಿರೋಧಿಸಿದವರಲ್ಲಿ ಇಬ್ಬರ ನೆಲೆಗಳು ಗಮನಾರ್ಹ. ಒಬ್ಬರು ಚೇಪಿನ್, ಪೌಂಡ್ ಮೇಲೆ ಆರೋಪ ಹೊರಿಸಿದ ಅದೇ ಫ್ರಾನ್ಸಿಸ್ ಬಿಡಲ್ ಅವರ ಪತ್ನಿ. ಇನ್ನೊಬ್ಬರು ಶಪಿರೊ. ಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ಸೈನಿಕನಾಗಿದ್ದಾಗ ಬರೆದ ಕವಿತೆಗಳಿಗೆ 1945ರಲ್ಲಿ ಪುಲಿಟ್ಜರ್ ಪಡೆದ, ಮಂಡಳಿಯಲ್ಲಿದ್ದ ಯಹೂದಿ ಕವಿ. ಪೌಂಡ್ ಪುಸ್ತಕಕ್ಕೆ ಎದುರಾಗಿ ಪರಿಗಣನೆಯಲ್ಲಿದ್ದದ್ದು ವಿಲಿಯಮ್ ಕಾರ್ಲೋಸ್ ವಿಲಿಯಮ್ಸ್ ಅವರ 'ಪ್ಯಾಟರ್ಸನ್' ಕಾವ್ಯದ ಎರಡನೆಯ ಭಾಗ. ಮತಗಳ ಬಹುಪಾಲು ಪೌಂಡ್ ಕಡೆಗೇ ಹೋಯಿತು. ಗ್ರಂಥಪಾಲಕ ಲೂಥರ್ ಇವಾನ್ಸ್ ಈ ಆಯ್ಕೆಯಿಂದ ಕಳವಳಗೊಂಡಿದ್ದರೂ ಮಂಡಳಿಯ ತೀರ್ಮಾನವನ್ನು ತಳ್ಳಿಹಾಕಲಿಲ್ಲ.

ಹೇಳಿಕೆಯ ಓದು

ಆಕ್ಷೇಪಣೆ ಬರುತ್ತದೆಂದು ಮಂಡಳಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಪ್ರಶಸ್ತಿಯ ಜೊತೆಗೇ ಒಂದು ಪುಟ್ಟ ಹೇಳಿಕೆ ಹೊರಟಿತು. ಇಡೀ ಪ್ರಕರಣದಲ್ಲಿ ಮತ್ತೆ ಮತ್ತೆ ಓದಬೇಕಾದ ದಾಖಲೆ ಇದೇ. ಶ್ರೀ ಪೌಂಡ್ ಅವರಂಥ ಸ್ಥಿತಿಯಲ್ಲಿರುವ ವ್ಯಕ್ತಿಗೆ ಬಹುಮಾನ ಕೊಡುವುದಕ್ಕೆ ಆಕ್ಷೇಪಣೆಗಳು ಬರಬಹುದೆಂಬ ಅರಿವು ತಮಗಿದೆ ಎಂದು ಮಂಡಳಿ ಮೊದಲು ಹೇಳುತ್ತದೆ. ಆ ಸಾಧ್ಯತೆಯಿಂದ ತಮ್ಮ ಕರ್ತವ್ಯ ಬದಲಾಗುವುದಿಲ್ಲ ಎನ್ನುತ್ತದೆ. ಕಾವ್ಯಸಿದ್ಧಿಯನ್ನು ಬಿಟ್ಟು ಬೇರೆ ವಿಚಾರಗಳು ನಿರ್ಧಾರವನ್ನು ವಾಲಿಸಲು ಬಿಟ್ಟರೆ ಬಹುಮಾನದ ಅರ್ಥವೇ ನಾಶವಾಗುತ್ತದೆ, ಯಾವುದೇ ನಾಗರಿಕ ಸಮಾಜ ನಿಂತಿರುವ ವಸ್ತುನಿಷ್ಠ ಮೌಲ್ಯಗ್ರಹಣದ ಸಿಂಧುತ್ವವನ್ನೇ ತತ್ತ್ವಶಃ ಅಲ್ಲಗಳೆದಂತಾಗುತ್ತದೆ ಎಂದು ಮುಗಿಸುತ್ತದೆ.

ಗಂಭೀರವಾದ ಮಾತು. ಅದನ್ನು ಬರೆದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 'ಅಂಥ ಸ್ಥಿತಿಯಲ್ಲಿರುವ ವ್ಯಕ್ತಿ' ಎಂಬ ಪ್ರಯೋಗವನ್ನು ನೋಡಿ. ಪೌಂಡ್ ಏನು ಮಾಡಿದರು, ಏನು ಹೇಳಿದರು ಎಂಬುದು ಇಲ್ಲಿಲ್ಲ; ಅವರು ಎಲ್ಲಿದ್ದಾರೆ ಎಂಬುದಷ್ಟೇ ಇದೆ. ಕರ್ತೃವಿಲ್ಲದ, ಕ್ರಿಯೆಯಿಲ್ಲದ ಒಂದು 'ಸ್ಥಿತಿ'. ರೇಡಿಯೋ ಎಂಬ ಪದವಿಲ್ಲ, ಫ್ಯಾಸಿಸಂ ಎಂಬ ಪದವಿಲ್ಲ, ಯಹೂದಿ ಎಂಬ ಪದವಿಲ್ಲ. ಆಷ್‌ವಿಟ್ಜ್‌ನ ಬಾಗಿಲು ತೆರೆದು ಕೇವಲ ನಾಲ್ಕು ವರ್ಷವಾಗಿತ್ತು. ಪದಗಳ ತೂಕವನ್ನು ಅವರಷ್ಟು ಬಲ್ಲವರು ಆ ದೇಶದಲ್ಲಿ ಬೇರೆ ಯಾರೂ ಇರಲಿಲ್ಲ. ನಾಗರಿಕ ಸಮಾಜದ ಅಡಿಗಲ್ಲಿನ ಬಗ್ಗೆ ಒಂದು ವಾಕ್ಯ ಬರೆಯಲು ಅವರಿಗೆ ಸಾಧ್ಯವಾಯಿತು, ಆ ಸಮಾಜ ಕಣ್ಣೆದುರೇ ಕುಸಿದ ಬಗೆಗೆ ಒಂದು ವಾಕ್ಯ ಬರೆಯಲು ಆಗಲಿಲ್ಲ.

ಮಂಡಳಿಯ ಪರವಾಗಿ ಹೇಳಬಹುದಾದ ಒಂದು ಮಾತು ಇದೆ: ಅವರು ಕವಿಯನ್ನಲ್ಲ, ಪುಸ್ತಕವನ್ನು ಗೌರವಿಸಿದರು. ಆದರೆ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ, ಮಿಲಾನ್‌ನಲ್ಲಿ ತಲೆಕೆಳಗಾಗಿ ತೂಗಹಾಕಲ್ಪಟ್ಟ ಮುಸೊಲಿನಿಗಾಗಿ ಒಂದು ಶೋಕ ಎದುರಾಗುತ್ತದೆ. 74ನೆಯ ಕ್ಯಾಂಟೋದಲ್ಲಿ ಯಹೂದಿಗಳನ್ನು ಹೀನಾಯವಾದ ಅಡ್ಡಹೆಸರಿನಿಂದ ಕರೆದು, ಉಳಿದ ಜನರನ್ನು ಕಸಾಯಿಖಾನೆಗೆ ಮಾತಿಲ್ಲದೆ ನಡೆಯುವ ದನಗಳಿಗೆ ಹೋಲಿಸುವ ಸಾಲುಗಳಿವೆ. ಆ ವರ್ಷಗಳ ಯುರೋಪಿನಲ್ಲಿ ಯಾರು ಯಾರನ್ನು ಎಲ್ಲಿಗೆ ನಡೆಸಿಕೊಂಡು ಹೋದರು ಎಂಬುದನ್ನು ನೆನೆದರೆ ಆ ರೂಪಕ ಸಹಿಸಲಾಗದಂಥದ್ದು. ಅದೇ ಪುಸ್ತಕದ 81ನೆಯ ಕ್ಯಾಂಟೋದಲ್ಲಿ, ಎಲ್ಲ ಕಳೆದುಕೊಂಡ ಮುದುಕನೊಬ್ಬ ತನ್ನ ಅಹಂಕಾರವನ್ನು ತಾನೇ ಕೆಡವಿಕೊಳ್ಳುವ, ಪ್ರೀತಿಸಿದ್ದಷ್ಟೇ ಕೊನೆಗೆ ಉಳಿಯುತ್ತದೆ ಎನ್ನುವ ಭಾಗವೂ ಇದೆ. ಅದನ್ನು ಓದಿದವರು ಮರೆಯುವುದು ಕಷ್ಟ, ನಾನು ಮರೆತಿಲ್ಲ. ಎರಡೂ ಒಂದೇ ಡೇರೆಯಲ್ಲಿ, ಒಂದೇ ಯಂತ್ರದಲ್ಲಿ ಅಚ್ಚಾದವು. ಆದ್ದರಿಂದ ಕವಿಯ ಬದುಕನ್ನು ಹೊರಗಿಟ್ಟ ಮಾತ್ರಕ್ಕೆ ಸಮಸ್ಯೆ ಹೊರಗೆ ಹೋಗುವುದಿಲ್ಲ. ಅದು ಕವಿತೆಯ ಒಳಗೇ ಕುಳಿತಿದೆ.

ಕನ್ನಡದ ಓದುಗರಿಗೆ ಈ ವಾದದ ಮೂಲಧಾತು ಅಪರಿಚಿತವಲ್ಲ. ಟೇಟ್, ವಾರನ್ ಮೊದಲಾದವರು ಬೆಳೆಸಿದ, ಎಲಿಯಟ್ ವಿಮರ್ಶೆಯಿಂದ ಪುಷ್ಟಿ ಪಡೆದ ಓದಿನ ಕ್ರಮವೇ ನಮ್ಮಲ್ಲಿ ನವ್ಯದ ಕಾಲದಲ್ಲಿ ಕೃತಿನಿಷ್ಠ ವಿಮರ್ಶೆ ಎಂದು ನೆಲೆಗೊಂಡಿತು, ನಮ್ಮ ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಪದ್ಯವನ್ನು ಸಾಲುಸಾಲಾಗಿ ಓದುವ ಶಿಸ್ತನ್ನು ಕಲಿಸಿತು. ಆ ಶಿಸ್ತಿಗೆ ನಾನೂ ಋಣಿ. ಅದೇ ಶಿಸ್ತಿನಿಂದ ಈ ಹೇಳಿಕೆಯನ್ನೂ ಓದಿದರೆ, ಅದು ತಾನು ಹೊತ್ತ ಭಾರವನ್ನು ಹೊರಲಾರದ ಗದ್ಯ ಎಂಬುದು ತಿಳಿಯುತ್ತದೆ.

'ಪಾರ್ಟಿಸನ್ ರಿವ್ಯೂ'ದ ಚರ್ಚೆ

ಅತ್ಯಂತ ಬೆಲೆಯುಳ್ಳ ಪ್ರತಿಕ್ರಿಯೆ ಬಂದದ್ದು ನ್ಯೂಯಾರ್ಕಿನ 'ಪಾರ್ಟಿಸನ್ ರಿವ್ಯೂ' ಪತ್ರಿಕೆಯಿಂದ. ಕಾರಣವೂ ಇದೆ. 1934ರಲ್ಲಿ ಎಡಪಂಥೀಯ ಪತ್ರಿಕೆಯಾಗಿ ಹುಟ್ಟಿ, ಸ್ಟಾಲಿನ್‌ನಿಂದ ದೂರ ಸರಿದ ಅದರ ಸುತ್ತ ನೆರೆದವರಲ್ಲಿ ವಲಸೆಬಂದ ಯಹೂದಿ ಕುಟುಂಬಗಳ ಮಕ್ಕಳು ಬಹಳ ಮಂದಿ. ಸಾಹಿತ್ಯದಲ್ಲಿ ಮಾತ್ರ ಅವರ ನಿಷ್ಠೆ ಎಲಿಯಟ್, ಜಾಯ್ಸ್, ಪೌಂಡ್‌ರ ಹೊಸ ಬರವಣಿಗೆಗೆ. ತಾವು ಮೆಚ್ಚಿದ ಲೇಖಕರಲ್ಲಿ ಕೆಲವರು ತಮ್ಮ ಜನರನ್ನೇ ಹಳಿದವರು ಎಂಬ ಸಂಗತಿಯನ್ನು ಅವರು ಬಹುಕಾಲ ಪಕ್ಕಕ್ಕೆ ಸರಿಸಿ ಬದುಕಿದ್ದರು. 1949ರಲ್ಲಿ ಅದು ಎದುರಿಗೇ ಬಂದು ನಿಂತಿತು.

ಏಪ್ರಿಲ್ ಸಂಚಿಕೆಯಲ್ಲಿ ಸಂಪಾದಕ ಬಳಗದ, ತತ್ತ್ವಶಾಸ್ತ್ರದ ವಿದ್ವಾಂಸರಾದ ವಿಲಿಯಮ್ ಬ್ಯಾರೆಟ್ ಸಣ್ಣ ಟಿಪ್ಪಣಿಯೊಂದನ್ನು ಬರೆದರು. ಅವರು ಬಹುಮಾನ ಹಿಂತೆಗೆಯಿರಿ ಎನ್ನಲಿಲ್ಲ. 74ನೆಯ ಕ್ಯಾಂಟೋದ ಸಾಲುಗಳನ್ನು ಉದ್ಧರಿಸಿ, ಒಂದು ಭಾವಗೀತಾತ್ಮಕ ಕವಿತೆಯಲ್ಲಿ ಕುಶಲತೆಯ ಅಲಂಕಾರಗಳು ವಿಕಾರವೂ ದುಷ್ಟವೂ ಆದ ವಸ್ತುವನ್ನು ಸುಂದರ ಕಾವ್ಯವಾಗಿ ಎಷ್ಟರ ಮಟ್ಟಿಗೆ ಮಾರ್ಪಡಿಸಬಲ್ಲವು ಎಂದು ಕೇಳಿದರು. ಇದು ಪೊಲೀಸರ ಪ್ರಶ್ನೆಯಲ್ಲ, ಕಾವ್ಯಮೀಮಾಂಸೆಯ ಪ್ರಶ್ನೆ. ಮಂಡಳಿ ತನ್ನ ನೆಲವೆಂದು ಹೇಳಿಕೊಂಡ ನೆಲದ ಮೇಲೆಯೇ ನಿಂತು ಕೇಳಿದ್ದು.

ಮೇ ಸಂಚಿಕೆಯಲ್ಲಿ ಹಲವರು ಉತ್ತರಿಸಿದರು. ಟೇಟ್ ಮೊದಲಿಗೆ ಸಿಟ್ಟಾದರು. ತೀರ್ಪುಗಾರರ ಮೇಲೆ ಯಹೂದಿ ದ್ವೇಷದ ಆರೋಪ ಬಂದಿದೆಯೆಂದು ಭಾವಿಸಿ, ಅದು ಹೇಡಿತನದ, ಅಮರ್ಯಾದೆಯ ಮಾತು ಎಂದರು. ಕ್ಷತ್ರಿಯರ ದ್ವಂದ್ವಕ್ಕೆ ಕರೆದ ಹಾಗಿತ್ತು ಆ ಧ್ವನಿ. ಆಮೇಲೆ ಅವರು ತಮ್ಮ ಮತಕ್ಕೆ ಕೊಟ್ಟ ವಿವರಣೆ ಮಂಡಳಿಯ ಹೇಳಿಕೆಗಿಂತ ಎಷ್ಟೋ ಮೇಲಾದದ್ದು. ಈ ಕ್ಯಾಂಟೋಗಳಲ್ಲಿ ಅವರಿಗೆ ದೋಷಗಳೂ ಕಂಡಿದ್ದವು; ಆದರೂ ಮೂವತ್ತು ವರ್ಷಗಳಲ್ಲಿ ಇಂಗ್ಲಿಷ್ ಪದ್ಯದ ಭಾಷೆಗೆ ಮರುಜೀವ ಕೊಡಲು ಪೌಂಡ್‌ರಷ್ಟು ದುಡಿದವರು ಬೇರೊಬ್ಬರಿಲ್ಲ, ಭಾಷೆಯ ಆರೋಗ್ಯವನ್ನು ಕಾಯುವುದೇ ಸಾಹಿತಿ ಸಮಾಜಕ್ಕೆ ಸಲ್ಲಿಸಬಹುದಾದ ಸೇವೆ ಎಂಬುದು ಅವರ ವಾದ. ಇದನ್ನು ಒಪ್ಪದಿರಬಹುದು, ಆದರೆ ಇದು ಕಾರಣ ಕೊಡುವ ಮಾತು, ಕಾರಣದಿಂದ ತಪ್ಪಿಸಿಕೊಳ್ಳುವ ಮಾತಲ್ಲ.

ಆಡನ್ ಇನ್ನೊಂದು ದಿಕ್ಕಿನಿಂದ ಬಂದರು. ಈ ಕವಿತೆಗಳು ಓದುಗರಲ್ಲಿ ಯಹೂದಿ ದ್ವೇಷವನ್ನು ಬಿತ್ತುತ್ತವೆಂದು ತಮಗೆ ಅನ್ನಿಸಿದ್ದರೆ, ಪ್ರಕಟಣೆಯನ್ನೇ ವಿರೋಧಿಸುತ್ತಿದ್ದೆ ಎಂಬುದು ಅವರ ಅಭಿಪ್ರಾಯದ ತಿರುಳು. ತರ್ಕ ಅಚ್ಚುಕಟ್ಟಾಗಿದೆ. ಆದರೆ ಪ್ರಕಟಣೆ ಮತ್ತು ಸನ್ಮಾನಗಳ ನಡುವೆ ಇರುವ ಅಂತರವನ್ನೇ ಅದು ಅಳಿಸಿಹಾಕುತ್ತದೆ. ಆ ಅಂತರವನ್ನು ಸ್ಪಷ್ಟವಾಗಿ ಗುರುತಿಸಿದವರು ಆಗ ಇಪ್ಪತ್ತೊಂಬತ್ತರ ಆಸುಪಾಸಿನಲ್ಲಿದ್ದ ಇರ್ವಿಂಗ್ ಹೌ. ಪೌಂಡ್ ಪುಸ್ತಕವನ್ನು ತಡೆಯುವುದಕ್ಕೆ ತಾವು ವಿರೋಧಿ, ಪೌಂಡ್‌ಗೆ ಗೌರವ ಸಲ್ಲಿಸುವುದಕ್ಕೂ ವಿರೋಧಿ ಎಂದರು ಅವರು. ಗೌರವ ಎಂಬುದು ಅಳತೆಗೋಲಿನ ಫಲಿತಾಂಶವಲ್ಲ, ಒಬ್ಬ ಮನುಷ್ಯನನ್ನು ನಮ್ಮೊಳಗೊಬ್ಬ ಎಂದು ಕೈಹಿಡಿದು ಕೂರಿಸಿಕೊಳ್ಳುವ ಸಾಮಾಜಿಕ ಕ್ರಿಯೆ. ಕವಿತೆಯ ಗುಣ ಎಷ್ಟೇ ಇರಲಿ, ಆ ಕ್ರಿಯೆಗೆ ತನ್ನದೇ ಅರ್ಥವಿದೆ.

ಕ್ಲೆಮೆಂಟ್ ಗ್ರೀನ್‌ಬರ್ಗ್ ಅವರ ಉತ್ತರ ನನ್ನನ್ನು ಬಹಳ ಕಾಡಿದೆ. ಅಮೂರ್ತ ಚಿತ್ರಕಲೆಯ ಪ್ರಬಲ ಸಮರ್ಥಕ ಅವರು. ಚಿತ್ರದಲ್ಲಿ ವಸ್ತು ಮುಖ್ಯವಲ್ಲ, ಮಾಧ್ಯಮವೇ ಮುಖ್ಯ ಎಂದು ಜೀವನಪೂರ್ತಿ ವಾದಿಸಿದವರು. ಕೃತಿಯ ಸ್ವಾಯತ್ತತೆಯ ಪರವಾಗಿ ಯಾರಾದರೂ ನಿಲ್ಲಬೇಕಿದ್ದರೆ ಅವರೇ ನಿಲ್ಲಬೇಕಿತ್ತು. ಅವರು ತೀರ್ಪುಗಾರರ ಸೌಂದರ್ಯವಿವೇಚನೆಯನ್ನು ಪ್ರಶ್ನಿಸಲಿಲ್ಲ. ಸುಸಂಸ್ಕೃತರ ನಡುವೆ ಹಬ್ಬಿರುವ ಕಲೆಯ ಆರಾಧನೆ ತಮಗೆ ರೋಸಿಹೋಗಿದೆ ಎಂದರು. ಯಹೂದಿಯಾಗಿ ಈ ಕವಿತೆಯ ವಸ್ತುವಿನಿಂದ ನೊಂದಿದ್ದೇನೆ, ಅಷ್ಟೇ ಅಲ್ಲ, 1943ರಿಂದೀಚೆಗೆ ಇಂಥ ಮಾತುಗಳು ತಮ್ಮಲ್ಲಿ ದೈಹಿಕವಾದ ಭಯವನ್ನು ಹುಟ್ಟಿಸುತ್ತವೆ ಎಂದರು. ವಸ್ತುನಿಷ್ಠ ಮೌಲ್ಯಗ್ರಹಣದ ಎದುರಿಗೆ ಒಬ್ಬ ಓದುಗನ ಮೈನಡುಕವನ್ನು ಇಟ್ಟರು. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಸಹೃದಯನೇ ಗುರಿಯಾಗಿದ್ದಾನೆ. ರಸಾನುಭವಕ್ಕೆ ಬೇಕಾದ ನಿರ್ವಿಘ್ನ ಸ್ಥಿತಿಯನ್ನು ಕವಿತೆಯೇ ಕೆಡಿಸಿದೆ.

ಜಾರ್ಜ್ ಆರ್ವೆಲ್ ಇಂಗ್ಲೆಂಡಿನ ಕ್ಷಯರೋಗ ಚಿಕಿತ್ಸಾಲಯದಲ್ಲಿದ್ದು ಬರೆದು ಕಳಿಸಿದರು. ಎಂಟು ತಿಂಗಳೊಳಗೆ ತೀರಿಕೊಂಡರು. ಪೌಂಡ್‌ರ ರೇಡಿಯೋ ಭಾಷಣಗಳಲ್ಲಿ ಒಂದಾದರೂ ಪೂರ್ವ ಯುರೋಪಿನ ಯಹೂದಿಗಳ ಹತ್ಯೆಯನ್ನು ಸಮರ್ಥಿಸಿದ್ದು ತಮಗೆ ನೆನಪಿದೆ, ಆ ಭಾಷಣಗಳು ಹುಚ್ಚನ ಮಾತಿನಂತೆ ತಮಗೆ ಕಂಡಿರಲಿಲ್ಲ ಎಂದು ಅವರು ಬರೆದರು. ಹಾಗೆಂದು ಬಹುಮಾನ ಕೊಡಬಾರದೆನ್ನಲಿಲ್ಲ. ಕಾವ್ಯಗುಣವೇ ಮಾನದಂಡವಾದರೆ ಕೊಡಲಿ. ಆದರೆ ಈ ಕವಿ ತನ್ನ ಕೃತಿಗಳ ಮೂಲಕ ಹರಡಲು ಯತ್ನಿಸಿದ ವಿಚಾರಗಳು ಕೆಟ್ಟವು ಎಂದು ತೀರ್ಪುಗಾರರು ಕೊಡುವಾಗಲೇ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಎಂದರು.

ಮಂಡಳಿ ಬರೆಯದೆ ಬಿಟ್ಟದ್ದು ಈ ವಾಕ್ಯವನ್ನೇ. ಬರೆದಿದ್ದರೆ ಪ್ರಶಸ್ತಿ ದುರ್ಬಲವಾಗುತ್ತಿತ್ತೇ? ನನಗೆ ಹಾಗೆ ತೋರುವುದಿಲ್ಲ. ಆಗಲೂ ಹೌ ಒಪ್ಪುತ್ತಿರಲಿಲ್ಲ, ಬಹುಶಃ ಗ್ರೀನ್‌ಬರ್ಗ್ ಕೂಡ ಒಪ್ಪುತ್ತಿರಲಿಲ್ಲ. ಆದರೆ ತಾವು ಏನನ್ನು ಕಂಡೂ ಕೊಟ್ಟೆವು ಎಂಬುದು ಜನರಿಗೆ ತಿಳಿಯುತ್ತಿತ್ತು. ಮಂಡಳಿಯ ಮೌನ ಮಾತ್ರ, ಅವರು ಕಂಡೇ ಇಲ್ಲವೋ ಅಥವಾ ಕಂಡದ್ದು ಅವರಿಗೆ ಏನೂ ಅನ್ನಿಸಲಿಲ್ಲವೋ ಎಂಬ ಸಂಶಯಕ್ಕೆ ಬಾಗಿಲು ತೆರೆಯಿತು.

ಶಪಿರೊ ಅವರದು ಎಲ್ಲಕ್ಕಿಂತ ಕಠಿಣವಾದ ನಿಲುವು. ತಾವು ಯಹೂದಿ, ಯಹೂದಿ ದ್ವೇಷಿಗಳನ್ನು ಗೌರವಿಸಲಾರೆ ಎಂಬುದು ಅವರ ಮೊದಲ ಕಾರಣ. ಎರಡನೆಯ ಕಾರಣ ಇನ್ನೂ ಆಳವಾದದ್ದು: ಕವಿಯ ರಾಜಕೀಯ ಮತ್ತು ನೈತಿಕ ದರ್ಶನ ಕೊನೆಗೆ ಅವನ ಕಾವ್ಯವನ್ನೇ ಕೆಡಿಸುತ್ತದೆ, ಸಾಹಿತ್ಯಕೃತಿಯಾಗಿ ಅದರ ಮಟ್ಟವನ್ನು ಇಳಿಸುತ್ತದೆ. ಎಂದರೆ ಅವರು ಕಾವ್ಯೇತರ ಕಾರಣಕ್ಕೆ ವಿರೋಧಿಸಲಿಲ್ಲ. ಕಾವ್ಯದ ಕಾರಣಕ್ಕೇ ವಿರೋಧಿಸಿದರು. ಮಂಡಳಿಯ ಹೇಳಿಕೆ 'ಕಾವ್ಯಸಿದ್ಧಿ' ಮತ್ತು 'ಬೇರೆ ವಿಚಾರ' ಎಂದು ಎರಡು ಗುಡ್ಡೆ ಮಾಡಿದಾಗ, ಮಂಡಳಿಯ ಒಳಗೇ ಇದ್ದ ಈ ಮೂರನೆಯ ಸಾಧ್ಯತೆಗೆ ಎಲ್ಲಿಯೂ ಜಾಗ ಉಳಿಯಲಿಲ್ಲ. ವಸ್ತುನಿಷ್ಠವೆಂದು ಕರೆದ ತೀರ್ಪಿನಲ್ಲಿ ಬಲವಾದ ಭಿನ್ನಮತವಿತ್ತು ಎಂಬುದನ್ನೂ ಅದು ಮುಚ್ಚಿಟ್ಟಿತು.

ಇದೇ ಹೊತ್ತಿನಲ್ಲಿ ಡ್ವೈಟ್ ಮ್ಯಾಕ್‌ಡೊನಾಲ್ಡ್ ತಮ್ಮ ಪುಟ್ಟ ಪತ್ರಿಕೆ 'ಪಾಲಿಟಿಕ್ಸ್'ನಲ್ಲಿ ತೀರ್ಪುಗಾರರನ್ನು ಮನಸಾರೆ ಹೊಗಳಿದರು. ಕಲೆ, ರಾಜಕೀಯ, ನ್ಯಾಯ ಇವುಗಳ ಕ್ಷೇತ್ರಗಳನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳಬಲ್ಲ ಸಮಾಜವೇ ಸರ್ವಾಧಿಕಾರದಿಂದ ಭಿನ್ನವಾದ ಸಮಾಜ ಎಂಬುದು ಅವರ ವಾದ. ಸ್ಟಾಲಿನ್‌ನ ರಷ್ಯಾ ಕವಿಗಳನ್ನು ಹೇಗೆ ನಡೆಸಿಕೊಳ್ಳುತ್ತಿತ್ತು ಎಂಬುದನ್ನು ನೆನೆದರೆ ಇದು ತೂಕದ ಮಾತು. ಮಂಡಳಿಯ ಪರವಾಗಿ ಬಂದ ವಾದಗಳಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಗಮನಿಸಬೇಕಾದದ್ದೆಂದರೆ, ಇದು ರಾಜಕೀಯ ವಾದ. ಮಂಡಳಿ ತನಗೆ ನಿಷಿದ್ಧವೆಂದುಕೊಂಡ ಬಗೆಯ ವಾದ.

ವಾದ ಕೈತಪ್ಪಿದ್ದು

ಜೂನ್ ತಿಂಗಳಲ್ಲಿ ಚರ್ಚೆ ಬೇರೆಯವರ ಕೈಗೆ ಹೋಯಿತು. ಪುಲಿಟ್ಜರ್ ಪಡೆದಿದ್ದ, ಹಾರ್ವರ್ಡ್‌ನಲ್ಲಿ ಪಾಠ ಹೇಳಿದ್ದ ಸಾಂಪ್ರದಾಯಿಕ ಕವಿ ರಾಬರ್ಟ್ ಹಿಲ್ಯರ್ 'ಸ್ಯಾಟರ್ಡೇ ರಿವ್ಯೂ' ವಾರಪತ್ರಿಕೆಯಲ್ಲಿ ಎರಡು ಲೇಖನ ಬರೆದರು. ಸಂಪಾದಕ ನಾರ್ಮನ್ ಕಸಿನ್ಸ್ ಅವರ ಬೆಂಬಲವೂ ಇತ್ತು. ಹಿಲ್ಯರ್ ಕಣ್ಣಿಗೆ ಇದು ಒಂದು ಬಹುಮಾನದ ಪ್ರಶ್ನೆಯಾಗಿರಲಿಲ್ಲ. ಎಲಿಯಟ್ ಮುಂದಾಳುತನದ ಹೊಸ ಪುರೋಹಿತಶಾಹಿಯೊಂದು ಅಮೆರಿಕನ್ ಕಾವ್ಯವನ್ನು ವಶಪಡಿಸಿಕೊಂಡಿರುವ ಸಂಚಾಗಿತ್ತು. ಬೊಲಿಂಗೆನ್ ಎಂಬುದು ಮನೋವಿಜ್ಞಾನಿ ಯೂಂಗ್ ಸ್ವಿಟ್ಜರ್ಲೆಂಡಿನಲ್ಲಿ ಗೋಪುರಮನೆ ಕಟ್ಟಿಕೊಂಡಿದ್ದ ಊರು. ಮೆಲನ್ ಪ್ರತಿಷ್ಠಾನ ಯೂಂಗ್ ಕೃತಿಗಳನ್ನು ಪ್ರಕಟಿಸುತ್ತಿತ್ತು. ಯೂಂಗ್ ನಾಜಿಗಳ ಬಗ್ಗೆ ಮೃದುವಾಗಿದ್ದರೆಂಬ ಆರೋಪವಿತ್ತು. ಇಷ್ಟನ್ನು ಒಂದು ದಾರದಲ್ಲಿ ಪೋಣಿಸಿ ಹಿಲ್ಯರ್ ಫ್ಯಾಸಿಸಂನ ಜಾಲವೊಂದನ್ನು ಹೆಣೆದರು. ಬ್ಯಾರೆಟ್ ಕೇಳಿದ ಸೂಕ್ಷ್ಮ ಪ್ರಶ್ನೆ ಈ ಗದ್ದಲದಲ್ಲಿ ಮುಳುಗಿತು. ತಮಗೆ ಅರ್ಥವಾಗದ ಕಾವ್ಯದ ಬಗ್ಗೆ ಬಹುಕಾಲದಿಂದ ಅಸಮಾಧಾನ ಹೊಂದಿದ್ದ ಓದುಗರಿಗೆ, ಆ ಅಸಮಾಧಾನವನ್ನು ದೇಶಭಕ್ತಿಯೆಂದು ಕರೆಯುವ ಅವಕಾಶ ಸಿಕ್ಕಿತು. ಶಿಕಾಗೊದ 'ಪೊಯೆಟ್ರಿ' ಪತ್ರಿಕೆ ಇದಕ್ಕೆ ಪ್ರತಿಯಾಗಿ ಒಂದು ಕಿರುಹೊತ್ತಿಗೆಯನ್ನೇ ಹೊರತಂದಿತು. ಅಲ್ಲಿಗೆ ಎರಡೂ ಕಡೆಯವರು ಕವಿತೆಯನ್ನು ಓದುವುದನ್ನು ಬಿಟ್ಟು ಪರಸ್ಪರರನ್ನು ಓದತೊಡಗಿದ್ದರು.

ನ್ಯೂಯಾರ್ಕಿನ ಪ್ರತಿನಿಧಿ ಜೇಕಬ್ ಜಾವಿಟ್ಸ್ ವಿಷಯವನ್ನು ಕಾಂಗ್ರೆಸ್ಸಿಗೆ ತಂದು ತನಿಖೆ ಕೇಳಿದರು. ಆ ಬೇಸಿಗೆಯ ಹವೆ ಎಂಥದೆಂದರೆ, ಸೋವಿಯತ್ ಪರ ಗೂಢಚಾರಿಕೆಯ ಆರೋಪಕ್ಕೊಳಗಾಗಿದ್ದ ಮಾಜಿ ಸರ್ಕಾರಿ ಅಧಿಕಾರಿ ಅಲ್ಜರ್ ಹಿಸ್ ಅವರ ಮೊದಲ ವಿಚಾರಣೆ ಆಗಷ್ಟೇ ಮುಗಿದಿತ್ತು. ಆಗಸ್ಟ್‌ನಲ್ಲಿ ಮಿಷಿಗನ್ನಿನ ಜಾರ್ಜ್ ಡಾಂಡೆರೊ ಆಧುನಿಕ ಚಿತ್ರಕಲೆಯೇ ಕಮ್ಯುನಿಸ್ಟರ ಆಯುಧವೆಂದು ಸದನದಲ್ಲಿ ಭಾಷಣ ಮಾಡಿದರು. ಅದೇ ಆಗಸ್ಟ್‌ನಲ್ಲಿ ಗ್ರಂಥಾಲಯದ ಮೇಲ್ವಿಚಾರಣೆಯ ಜಂಟಿ ಸಮಿತಿ, ಇನ್ನು ಮುಂದೆ ಲೈಬ್ರರಿ ಆಫ್ ಕಾಂಗ್ರೆಸ್ ಯಾವ ಬಹುಮಾನವನ್ನೂ ಕೊಡಕೂಡದು ಎಂದಿತು. ಕಾವ್ಯದ ಜೊತೆಗೆ ಚೇಂಬರ್ ಸಂಗೀತದ ಪದಕವೂ ಮುದ್ರಣಚಿತ್ರಗಳ ಬಹುಮಾನಗಳೂ ನಿಂತುಹೋದವು. ಆ ಸಂಗೀತಗಾರರೂ ಚಿತ್ರಕಾರರೂ ಯಾವ ರೇಡಿಯೋದಲ್ಲೂ ಮಾತನಾಡಿದವರಲ್ಲ. ಬೊಲಿಂಗೆನ್ ಬಹುಮಾನ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, 1950ರಲ್ಲಿ ವಾಲೇಸ್ ಸ್ಟೀವನ್ಸ್ ಅವರಿಗೆ ಸಂದಿತು. ರಾಷ್ಟ್ರದ ಗ್ರಂಥಾಲಯ ಮತ್ತೆ ಕಾವ್ಯಕ್ಕೆ ಬಹುಮಾನ ಕೊಟ್ಟದ್ದು 1990ರಲ್ಲಿ.

ಇದರ ಜೊತೆಗೆ ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಸಂಗತಿಯನ್ನು ಇಟ್ಟು ನೋಡಬೇಕು. ಪೌಂಡ್‌ಗೆ ಎದುರಾಗಿದ್ದ ವಿಲಿಯಮ್ಸ್ ಅವರನ್ನು 1952ರಲ್ಲಿ ಅದೇ ಗ್ರಂಥಾಲಯ ತನ್ನ ಕಾವ್ಯಸಲಹೆಗಾರರನ್ನಾಗಿ ನೇಮಿಸಿತು. ಅವರ ಬರಹಗಳಲ್ಲಿ ಎಡಪಂಥದ ವಾಸನೆಯಿದೆಯೆಂಬ ದೂರು ಬಂತು, ನಿಷ್ಠೆಯ ತನಿಖೆ ನಡೆಯಿತು, ನೇಮಕ ನೆನೆಗುದಿಗೆ ಬಿತ್ತು. ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಆ ವೈದ್ಯಕವಿ ಒಂದು ದಿನವೂ ಆ ಹುದ್ದೆಯಲ್ಲಿ ಕೂರಲಿಲ್ಲ. ಮೂರು ವರ್ಷದ ಹಿಂದೆ ಕವಿಯ ರಾಜಕೀಯವನ್ನು ನೋಡಲೇಬಾರದು ಎಂದಿದ್ದ ಸಂಸ್ಥೆ, ಈಗ ಅದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ತೀರ್ಪುಗಾರರು ರಾಜಕೀಯದ ಬಗ್ಗೆ ವಿವೇಕದಿಂದ ಮಾತನಾಡುವ ಜಾಗವನ್ನು ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗಕ್ಕೆ ಬಂದು ಕುಳಿತವರು ತನಿಖಾಧಿಕಾರಿಗಳು.

ಆಮೇಲೆ

ಪೌಂಡ್ ಸೇಂಟ್ ಎಲಿಜಬೆತ್ಸ್‌ನಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಕವಿಗಳು ಬರುತ್ತಿದ್ದರು, ವಿದ್ಯಾರ್ಥಿಗಳು ಬರುತ್ತಿದ್ದರು. ಜಾನ್ ಕ್ಯಾಸ್ಪರ್ ಎಂಬ ತರುಣನೂ ಬರುತ್ತಿದ್ದ. ದಕ್ಷಿಣದ ಶಾಲೆಗಳಲ್ಲಿ ಕಪ್ಪು ಮಕ್ಕಳ ಪ್ರವೇಶದ ವಿರುದ್ಧ ಗುಂಪು ಕಟ್ಟಿ ಜೈಲಿಗೆ ಹೋದವನು ಅವನೇ, ಪೌಂಡ್ ಅವನನ್ನು ಶಿಷ್ಯನಂತೆ ನೋಡಿಕೊಂಡರು. ಪಿಸಾದ ಡೇರೆಯಲ್ಲಿ ಅಹಂಕಾರ ಕರಗಿತೆಂದು ನಂಬಿ ಮತ ಹಾಕಿದವರಿಗೆ ಇದು ಕಷ್ಟದ ಸ್ನೇಹವಾಗಿತ್ತು. ಆರ್ಚಿಬಾಲ್ಡ್ ಮೆಕ್ಲೀಷ್, ರಾಬರ್ಟ್ ಫ್ರಾಸ್ಟ್, ಎಲಿಯಟ್, ಹೆಮಿಂಗ್ವೇ ಮೊದಲಾದವರ ಪ್ರಯತ್ನದಿಂದ 1958ರ ಏಪ್ರಿಲ್ 18ರಂದು ನ್ಯಾಯಾಲಯ ಆರೋಪವನ್ನು ವಜಾಗೊಳಿಸಿತು. ಅವರು ಇಟಲಿಗೆ ಹಿಂದಿರುಗಿದರು, ಕೊನೆಯ ವರ್ಷಗಳಲ್ಲಿ ಮಾತನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು. 1967ರಲ್ಲಿ ವೆನಿಸ್‌ನಲ್ಲಿ ತಮ್ಮನ್ನು ಕಾಣಲು ಬಂದ ಯಹೂದಿ ಕವಿ ಅಲೆನ್ ಗಿನ್ಸ್‌ಬರ್ಗ್ ಅವರೊಡನೆ, ಯಹೂದಿ ದ್ವೇಷವೆಂಬ ಆ ಮೂಢ, ಕ್ಷುದ್ರ ಪೂರ್ವಗ್ರಹವೇ ತಾನು ಮಾಡಿದ ಅತಿ ದೊಡ್ಡ ತಪ್ಪು ಎಂದರೆಂದು ಗಿನ್ಸ್‌ಬರ್ಗ್ ದಾಖಲಿಸಿದ್ದಾರೆ. ಪೂರ್ವಗ್ರಹ ಎಂಬುದು ಆ ಭಾಷಣಗಳಿಗೆ ತೀರ ಚಿಕ್ಕ ಪದ. ಆದರೂ ಅವರು ಹೇಳಿದರು.

1972ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಆರ್ಟ್ಸ್ ಅಂಡ್ ಸೈನ್ಸಸ್‌ನ ಆಯ್ಕೆ ಸಮಿತಿಯೊಂದು ಸಾಹಿತ್ಯಪದಕಕ್ಕೆ ಪೌಂಡ್ ಹೆಸರನ್ನು ಸೂಚಿಸಿತು. ಅಕಾಡೆಮಿಯ ಆಡಳಿತ ಮಂಡಳಿ ಅದನ್ನು ತಿರಸ್ಕರಿಸಿತು, ಸದಸ್ಯರ ನಡುವೆ ಮತ್ತೆ ಅದೇ ವಾದ ಎದ್ದಿತು. ಆ ವರ್ಷದ ನವೆಂಬರ್ 1ರಂದು ವೆನಿಸ್‌ನಲ್ಲಿ ಪೌಂಡ್ ತೀರಿಕೊಂಡರು.